ಸಣ್ಣ ಟ್ರೇಡರ್ ಮತ್ತು ಫ್ಯೂಚರ್ಸ್ ಪರದೆ: ಪದೇ ಪದೇ ಕೇಳುವ ಪ್ರಶ್ನೆಗಳು

ವಾಯಿದಾ (ಫ್ಯೂಚರ್ಸ್) ಪೇಟೆಗೆ ಹೊಸದಾಗಿ ಬಂದವರು, ಒಂದೆರಡು ಸಲ ಕೈ ಸುಟ್ಟುಕೊಂಡವರು, ಸುಮ್ನೆ ಕುತೂಹಲಕ್ಕೆ ಕೇಳುವವರು, ಇವರೆಲ್ಲರ ಮಾತಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಷಿಕಾಗೋದವು, ಯಾಕೆಂದರೆ ಈ ಕತೆ ಜಾಸ್ತಿ ನಡೆದದ್ದು ಅಲ್ಲೇ. ನಿಮ್ಮ ದೇಶದ ನಿಯಮ ಬೇರೆ ಇರಬಹುದು. ಹೊರದೇಶದ ಎಕ್ಸ್‌ಚೇಂಜ್‌ನಲ್ಲಿ ಮಾರ್ಜಿನ್ (ಠೇವಣಿ) ಕಟ್ಟಿ ವ್ಯವಹಾರ ಮಾಡಲು ಕೆಲವು ದೇಶಗಳು ಬಿಡುವುದೇ ಇಲ್ಲ. ಖಾತೆ ತೆರೆಯುವ ಮೊದಲು ಅದನ್ನು ನೋಡಿಕೊಳ್ಳಿ.

## ಮೊದಲ ಪಾಠ

ಫ್ಯೂಚರ್ಸ್ ಅಂದ್ರೆ ಷೇರು ಕೊಂಡ ಹಾಗೇ ಅಲ್ವಾ?

ಅಲ್ಲ. ಷೇರು ಕೊಂಡರೆ ಕಂಪನಿಯ ಒಂದು ಪಾಲು ನಿಮ್ಮದು. ಬೆಲೆ ಬಿದ್ದರೂ ಹತ್ತು ವರ್ಷ ಇಟ್ಟುಕೊಂಡು ಕೂರಬಹುದು. ಫ್ಯೂಚರ್ಸ್‌ನಲ್ಲಿ ನೀವು ಏನನ್ನೂ ಕೊಂಡಿರುವುದಿಲ್ಲ. ಇಂಥ ತಿಂಗಳಲ್ಲಿ, ಇಷ್ಟು ಸರಕು, ಈ ಬೆಲೆಗೆ ಅಂತ ಒಪ್ಪಂದ ಮಾಡಿಕೊಂಡಿರುತ್ತೀರಿ, ಅಷ್ಟೇ. ಆ ಒಪ್ಪಂದಕ್ಕೆ ಕೊನೆಯ ದಿನ (ಎಕ್ಸ್‌ಪೈರಿ) ಇರುತ್ತದೆ. ಕೈಯಲ್ಲಿ ಇಲ್ಲದ್ದನ್ನು ಮೊದಲು ಮಾರಿ ಆಮೇಲೆ ಕೊಳ್ಳುವುದು ಇಲ್ಲಿ ಮಾಮೂಲು. ಇನ್ನೊಂದು ಮಾತು: ಇಲ್ಲಿ ನಿಮ್ಮ ಲಾಭ ಅಂದರೆ ಎದುರಿನವರ ನಷ್ಟ. ಶುಲ್ಕ ಮಾತ್ರ ಇಬ್ಬರೂ ಕಟ್ಟಬೇಕು.

ನಾನೇ ನೇರವಾಗಿ ಎಕ್ಸ್‌ಚೇಂಜ್‌ಗೆ ಆರ್ಡರ್ ಹಾಕಬಹುದಾ? ಮಧ್ಯೆ ಬ್ರೋಕರ್ ಯಾಕೆ?

ಆಗುವುದಿಲ್ಲ. ನೀವು ಸೋತು ದುಡ್ಡು ಕಟ್ಟದಿದ್ದರೆ ಆ ದುಡ್ಡನ್ನು ಯಾರಾದರೂ ಕಟ್ಟಲೇಬೇಕು. ಹಾಗೆ ಕಟ್ಟುತ್ತೇನೆ ಅಂತ, ಎಲ್ಲ ಒಪ್ಪಂದಗಳ ದುಡ್ಡಿನ ಲೆಕ್ಕ ಚುಕ್ತಾ ಮಾಡುವ ಕ್ಲಿಯರಿಂಗ್ ಹೌಸ್‌ಗೆ ಮಾತು ಕೊಟ್ಟಿರುವವರು ಕ್ಲಿಯರಿಂಗ್ ಸದಸ್ಯರು. ನಿಮ್ಮ ಬ್ರೋಕರ್ ತಾನೇ ಸದಸ್ಯ ಆಗಿರಬೇಕು, ಇಲ್ಲವೇ ಒಬ್ಬ ಸದಸ್ಯನ ಹಿಂದೆ ನಿಂತಿರಬೇಕು. ನೀವು ಬಟನ್ ಒತ್ತಿದಾಗ ಆರ್ಡರ್ ಮೊದಲು ಬ್ರೋಕರ್‌ನ ಕಂಪ್ಯೂಟರ್‌ಗೆ ಹೋಗುತ್ತದೆ. ಖಾತೆಯಲ್ಲಿ ಮಾರ್ಜಿನ್ ಇದೆಯಾ, ಲಾಟ್ (ಒಂದು ಲಾಟ್ ಅಂದರೆ ಒಂದು ಒಪ್ಪಂದ) ಮಿತಿ ಮೀರಿದೆಯಾ ಅಂತ ಅಲ್ಲಿ ನೋಡುತ್ತಾರೆ. ಆಮೇಲೆ ಎಕ್ಸ್‌ಚೇಂಜ್‌ಗೆ. 'ಡೈರೆಕ್ಟ್ ಆಕ್ಸೆಸ್' ಅಂತ ಜಾಹೀರಾತು ಕೊಡುವವರ ಹತ್ತಿರವೂ ಈ ತಪಾಸಣೆ ಇದ್ದೇ ಇರುತ್ತದೆ. ಸ್ವಲ್ಪ ಬೇಗ ಮುಗಿಯಬಹುದು, ಅಷ್ಟೇ ವ್ಯತ್ಯಾಸ.

ಮೊದಲು ಇದು ದೊಡ್ಡವರ ಆಟ ಆಗಿತ್ತಂತೆ. ನಮ್ಮಂಥವರಿಗೆ ಬಾಗಿಲು ತೆರೆದದ್ದು ಯಾವಾಗ?

ಒಂದೇ ದಿನ ತೆರೆಯಲಿಲ್ಲ. ಷಿಕಾಗೋದಲ್ಲಿ 'ಪಿಟ್' ಅನ್ನುವ ಮೆಟ್ಟಿಲು ಮೆಟ್ಟಿಲಿನ ಅಂಗಳ ಇತ್ತು. ಬಣ್ಣ ಬಣ್ಣದ ಕೋಟು ಹಾಕಿಕೊಂಡವರು ಅದರೊಳಗೆ ನಿಂತು ಕೂಗುತ್ತಿದ್ದರು. ಅಂಗೈ ತಮ್ಮ ಕಡೆ ತಿರುಗಿದ್ದರೆ ಕೊಳ್ಳುತ್ತೇನೆ ಅಂತ, ಹೊರಗೆ ತಿರುಗಿದ್ದರೆ ಮಾರುತ್ತೇನೆ ಅಂತ. ಒಳಗೆ ನಿಲ್ಲಲು ಸದಸ್ಯತ್ವ ಬೇಕು. ಹೊರಗಿನವನು ಬ್ರೋಕರ್‌ಗೆ ಫೋನ್ ಮಾಡಬೇಕು, ಅವನು ಅಂಗಳದ ಗುಮಾಸ್ತನಿಗೆ ಹೇಳಬೇಕು, ಗುಮಾಸ್ತ ಚೀಟಿ ಬರೆದು ಒಳಗೆ ಕಳಿಸಬೇಕು. ಎಷ್ಟಕ್ಕೆ ಆಯ್ತು ಅಂತ ತಿಳಿಯುವ ಹೊತ್ತಿಗೆ ಬೆಲೆ ಎಲ್ಲೋ ಹೋಗಿರುತ್ತಿತ್ತು.

1992ರ ಜೂನ್‌ನಲ್ಲಿ ಷಿಕಾಗೋ ಮರ್ಕಂಟೈಲ್ ಎಕ್ಸ್‌ಚೇಂಜ್ 'ಗ್ಲೋಬೆಕ್ಸ್' ಶುರು ಮಾಡಿತು. ಆದರೆ ಅದು ಅಂಗಳ ಮುಚ್ಚಿದ ಮೇಲಿನ ಹೊತ್ತಿಗೆ ಮಾತ್ರ ಇದ್ದ ವ್ಯವಸ್ಥೆ. ನಿಜವಾದ ಪೆಟ್ಟು ಬಿದ್ದದ್ದು ಯೂರೋಪಿನಲ್ಲಿ. ಜರ್ಮನ್ ಸರ್ಕಾರಿ ಬಾಂಡ್‌ನ ಫ್ಯೂಚರ್ಸ್ ವಹಿವಾಟು ಹೆಚ್ಚಾಗಿ ಲಂಡನ್‌ನ ಪಿಟ್‌ನಲ್ಲೇ ನಡೆಯುತ್ತಿತ್ತು. 1998ರ ಹೊತ್ತಿಗೆ ಅದು ಪೂರ್ತಿ ಫ್ರಾಂಕ್‌ಫರ್ಟ್‌ನ ಕಂಪ್ಯೂಟರ್‌ಗೆ ಹೊರಟುಹೋಯಿತು. 2000ದಲ್ಲಿ ಲಂಡನ್ ತನ್ನ ಅಂಗಳವನ್ನೇ ಮುಚ್ಚಿತು. ಅದೇ ವರ್ಷ ಷಿಕಾಗೋ ಕೂಡ ಗ್ಲೋಬೆಕ್ಸ್ ಅನ್ನು ಸದಸ್ಯರಲ್ಲದವರಿಗೂ ತೆರೆಯಿತು. 2015ರಲ್ಲಿ ಅಲ್ಲಿನ ಹೆಚ್ಚಿನ ಫ್ಯೂಚರ್ಸ್ ಪಿಟ್‌ಗಳಿಗೆ ಬೀಗ ಬಿತ್ತು.

ಆದರೆ ನನ್ನ ಪ್ರಕಾರ ಸಣ್ಣವರನ್ನು ಒಳಗೆ ಬಿಟ್ಟದ್ದು ಪರದೆ ಒಂದೇ ಅಲ್ಲ. ಒಪ್ಪಂದದ ಗಾತ್ರ ಇಳಿದದ್ದೂ ಅಷ್ಟೇ ಮುಖ್ಯ. ಅದನ್ನು ಮುಂದಿನ ಪ್ರಶ್ನೆಯಲ್ಲಿ ನೋಡಿ.

ಕಮ್ಮಿ ಅಂದ್ರೆ ಎಷ್ಟು ದುಡ್ಡು ಬೇಕು?

ಖಾತೆ ತೆರೆಯಲು ಎಷ್ಟು ಬೇಕು ಅಂತ ಕೇಳುವುದಕ್ಕಿಂತ, ಒಂದು ಲಾಟ್ ಎಷ್ಟು ದೊಡ್ಡದು ಅಂತ ಕೇಳಿ.

ಅಮೆರಿಕದ ದೊಡ್ಡ ಕಂಪನಿಗಳ ಷೇರು ಬೆಲೆ ಅಳೆಯುವ ಎಸ್ ಅಂಡ್ ಪಿ 500 ಸೂಚ್ಯಂಕದ ಫ್ಯೂಚರ್ಸ್ 1982ರಲ್ಲಿ ಶುರುವಾದಾಗ ಒಂದು ಪಾಯಿಂಟ್‌ಗೆ 500 ಡಾಲರ್. ಸೂಚ್ಯಂಕ ಆಗ 120ರ ಆಸುಪಾಸು. ಅಂದರೆ ಒಂದು ಒಪ್ಪಂದದ ಬೆಲೆ ಸುಮಾರು 60,000 ಡಾಲರ್. 1997ರಲ್ಲಿ ಸೂಚ್ಯಂಕ 900 ದಾಟಿತ್ತು, ಒಪ್ಪಂದ 4,50,000 ಡಾಲರ್ ಮೀರಿತ್ತು. ಯಾರೂ ಬಾಗಿಲು ಹಾಕಲಿಲ್ಲ. ಮಾರುಕಟ್ಟೆ ಏರಿದ್ದರಿಂದಲೇ ಸಣ್ಣವರು ಹೊರಗೆ ಬಿದ್ದರು. ಆ ವರ್ಷ ಸೆಪ್ಟೆಂಬರ್ 9ಕ್ಕೆ 'ಇ-ಮಿನಿ' ಬಂತು: ಪಾಯಿಂಟ್‌ಗೆ 50 ಡಾಲರ್, ವಹಿವಾಟು ಕಂಪ್ಯೂಟರ್‌ನಲ್ಲಿ. ಕೆಲವೇ ವರ್ಷದಲ್ಲಿ ದೊಡ್ಡಣ್ಣನನ್ನೇ ಮೀರಿಸಿತು. ಆದರೆ ಸೂಚ್ಯಂಕ ಏರುತ್ತಲೇ ಹೋಯಿತು. 2019ರಲ್ಲಿ ಅದು 2,900ರ ಹತ್ತಿರ ಬಂದಾಗ ಇ-ಮಿನಿಯೂ 1,45,000 ಡಾಲರಿನ ಒಪ್ಪಂದ ಆಗಿತ್ತು. ಹಾಗಾಗಿ ಮೇ 6ಕ್ಕೆ 'ಮೈಕ್ರೋ' ಬಂತು. ಪಾಯಿಂಟ್‌ಗೆ 5 ಡಾಲರ್.

ಲೆಕ್ಕಕ್ಕೆ ಸೂಚ್ಯಂಕ 5,000 ಅಂತ ಇಟ್ಟುಕೊಳ್ಳಿ. ಮೈಕ್ರೋ ಒಪ್ಪಂದ 25,000 ಡಾಲರ್. ಸೂಚ್ಯಂಕ ಶೇ 1ರಷ್ಟು ಆಡಿದರೆ, ಅಂದರೆ 50 ಪಾಯಿಂಟ್, ನಿಮ್ಮ ಖಾತೆಯಲ್ಲಿ 250 ಡಾಲರ್ ಅತ್ತಿತ್ತ. ಶೇ 1 ಅನ್ನುವುದು ಅಪರೂಪದ ದಿನವೇನಲ್ಲ. ಖಾತೆಯಲ್ಲಿ 1,000 ಡಾಲರ್ ಇದ್ದರೆ ಒಂದು ಸಾಧಾರಣ ಕೆಟ್ಟ ದಿನಕ್ಕೆ ಕಾಲು ಭಾಗ ಹೋಯಿತು. 10,000 ಇದ್ದರೆ ಶೇ 2.5. ಬ್ರೋಕರ್ ಎಷ್ಟಕ್ಕೆ ಖಾತೆ ತೆರೆದುಕೊಡುತ್ತಾನೆ ಅನ್ನುವುದಕ್ಕಿಂತ ಈ ಲೆಕ್ಕವನ್ನು ನಂಬಿ.

ಗೆಲ್ಲೋರು ಎಷ್ಟು ಜನ? ನಿಜ ಹೇಳಿ.

ತುಂಬಾ ಕಮ್ಮಿ. ಬ್ರೆಜಿಲ್‌ನ ಅರ್ಥಶಾಸ್ತ್ರಜ್ಞರು ಅಲ್ಲಿನ ಸೂಚ್ಯಂಕ ಫ್ಯೂಚರ್ಸ್‌ನಲ್ಲಿ 2013ರಿಂದ 2015ರ ನಡುವೆ ಡೇ ಟ್ರೇಡಿಂಗ್ ಶುರು ಮಾಡಿದವರ ಲೆಕ್ಕ ತೆಗೆದರು. 300 ದಿನಕ್ಕಿಂತ ಜಾಸ್ತಿ ಪಟ್ಟು ಹಿಡಿದು ಮಾಡಿದವರಲ್ಲೇ ಶೇ 97 ಮಂದಿ ದುಡ್ಡು ಕಳೆದುಕೊಂಡಿದ್ದರು. ಆ ದೇಶದ ಕನಿಷ್ಠ ಕೂಲಿಗಿಂತ ಹೆಚ್ಚು ಗಳಿಸಿದವರು ಶೇ 1.1. 'ಅನುಭವ ಬಂದ ಮೇಲೆ ಸರಿಹೋಗುತ್ತೆ' ಅನ್ನುವ ಮಾತಿಗೂ ಅವರ ಅಂಕಿಗಳಲ್ಲಿ ಆಧಾರ ಸಿಗಲಿಲ್ಲ. ಇದು ದಿನದೊಳಗೇ ಮುಗಿಸುವ ಟ್ರೇಡಿಂಗ್‌ನ ಲೆಕ್ಕ ಅನ್ನುವುದು ನೆನಪಿರಲಿ. ತನ್ನ ಬೆಳೆಗೋ ತನ್ನ ಷೇರುಗಳಿಗೋ ರಕ್ಷಣೆಗಾಗಿ ಫ್ಯೂಚರ್ಸ್ ಮಾರುವವನ ಲೆಕ್ಕವೇ ಬೇರೆ.

## ಮಾರ್ಜಿನ್, ಖರ್ಚು, ಖಾತೆ

ಮಾರ್ಜಿನ್ ಅಂದ್ರೆ ಬ್ರೋಕರ್ ಕೊಡೋ ಸಾಲ ತಾನೇ?

ಷೇರು ಪೇಟೆಯಲ್ಲಿ ಹೌದು, ಇಲ್ಲಿ ಅಲ್ಲ. ಇಲ್ಲಿ ಯಾರೂ ನಿಮಗೆ ಸಾಲ ಕೊಡುವುದಿಲ್ಲ. ಒಪ್ಪಂದದ ಮಾತು ಉಳಿಸಿಕೊಳ್ಳುತ್ತೇನೆ ಅಂತ ನೀವೇ ಇಡುವ ಠೇವಣಿ ಅದು. ಪ್ರತಿ ದಿನದ ಕೊನೆಗೆ ಆ ದಿನದ ಬೆಲೆಗೆ ಲೆಕ್ಕ ಹಾಕಿ, ಸೋತವರ ಖಾತೆಯಿಂದ ದುಡ್ಡು ತೆಗೆದು ಗೆದ್ದವರಿಗೆ ಹಾಕುತ್ತಾರೆ. ಠೇವಣಿ ಒಂದು ಮಟ್ಟಕ್ಕಿಂತ ಕೆಳಗೆ ಬಂದರೆ ಮಾರ್ಜಿನ್ ಕಾಲ್, ಅಂದರೆ ಇನ್ನಷ್ಟು ದುಡ್ಡು ಹಾಕಿ ಅನ್ನುವ ಕರೆ ಬರುತ್ತದೆ. ಎಷ್ಟು ಇಡಬೇಕು ಅಂತ ಕ್ಲಿಯರಿಂಗ್ ಹೌಸ್ ಹೇಳುತ್ತದೆ, ಏರಿಳಿತ ಜಾಸ್ತಿಯಾದಾಗ ಅದನ್ನು ಏರಿಸುತ್ತದೆ. ಅಂದರೆ ಪೇಟೆ ಕುದಿಯುವಾಗಲೇ ಜಾಸ್ತಿ ದುಡ್ಡು ಕೇಳುತ್ತಾರೆ. ದೊಡ್ಡ ಸಂಸ್ಥೆ ಅದನ್ನು ಎಲ್ಲಿಂದಲೋ ಹೊಂದಿಸುತ್ತದೆ. ಸಣ್ಣವನ ಪೊಸಿಷನ್ (ಕೈಯಲ್ಲಿರುವ ಒಪ್ಪಂದ) ಕತ್ತರಿಸಿ ಹೋಗುತ್ತದೆ.

ಡೇ ಟ್ರೇಡ್ ಮಾರ್ಜಿನ್ ಅಂತ ತುಂಬಾ ಕಮ್ಮಿಗೆ ಕೊಡ್ತಾರೆ. ಒಳ್ಳೆಯದೇ ಅಲ್ವಾ?

ಬ್ರೋಕರ್‌ಗೆ ಒಳ್ಳೆಯದು. ರಾತ್ರಿ ಇಟ್ಟುಕೊಳ್ಳದ ಪೊಸಿಷನ್‌ಗೆ ಅವರು ತಮ್ಮ ಲೆಕ್ಕದಲ್ಲಿ ಕಡಿಮೆ ಠೇವಣಿ ಕೇಳಬಹುದು. ಕಮ್ಮಿ ಠೇವಣಿ ಅಂದರೆ ಜಾಸ್ತಿ ಲಾಟ್, ಜಾಸ್ತಿ ಲಾಟ್ ಅಂದರೆ ಜಾಸ್ತಿ ಬ್ರೋಕರೇಜ್. ಖಾತೆ ಅಪಾಯದ ಗೆರೆ ಮುಟ್ಟಿದ ತಕ್ಷಣ ಅವರ ಸಾಫ್ಟ್‌ವೇರ್ ತಾನಾಗಿ ಸ್ಕ್ವೇರ್ ಆಫ್ ಮಾಡುತ್ತದೆ, ಅಂದರೆ ಪೊಸಿಷನ್ ಮುಚ್ಚಿಬಿಡುತ್ತದೆ. ಅದಕ್ಕೂ ಕೆಲವರು ಬೇರೆ ಶುಲ್ಕ ಹಾಕುತ್ತಾರೆ. ಈ ಸೌಲಭ್ಯ ಇದೆ ಅನ್ನುವುದನ್ನೇ ಮರೆತುಬಿಡಿ, ಪೂರ್ತಿ ಮಾರ್ಜಿನ್ ಲೆಕ್ಕದಲ್ಲೇ ಲಾಟ್ ನಿರ್ಧರಿಸಿ.

ಹಾಕಿದ ದುಡ್ಡಿಗಿಂತ ಜಾಸ್ತಿ ಕಳ್ಕೋಬಹುದಾ?

ಕಳೆದುಕೊಳ್ಳಬಹುದು. 2020ರ ಏಪ್ರಿಲ್ 20 ನೋಡಿ. ಅಮೆರಿಕದ ಕಚ್ಚಾತೈಲದ ಮೇ ತಿಂಗಳ ಒಪ್ಪಂದಕ್ಕೆ ಮರುದಿನವೇ ಕೊನೆ. ಎಣ್ಣೆ ತುಂಬಿಸಲು ಜಾಗ ಇಲ್ಲ, ಕೊಳ್ಳುವವರಿಲ್ಲ. ಬೆಲೆ ಸೊನ್ನೆ ದಾಟಿ ಕೆಳಗೆ ಹೋಗಿ ಮೈನಸ್ 37.63 ಡಾಲರ್‌ಗೆ ದಿನ ಮುಗಿಯಿತು. ಒಂದು ಒಪ್ಪಂದ 1,000 ಬ್ಯಾರೆಲ್. 'ಇನ್ನೆಷ್ಟು ಬೀಳುತ್ತೆ, ಒಂದು ಡಾಲರ್ ತಾನೇ' ಅಂತ ಒಂದು ಡಾಲರ್‌ಗೆ ಒಂದು ಲಾಟ್ ಕೊಂಡವನಿಗೆ 38,630 ಡಾಲರ್ ನಷ್ಟ. ಕೆಲವು ಬ್ರೋಕರ್‌ಗಳ ಸಾಫ್ಟ್‌ವೇರ್‌ಗೆ ಮೈನಸ್ ಬೆಲೆ ತೋರಿಸಲಿಕ್ಕೇ ಬರುತ್ತಿರಲಿಲ್ಲ. ಹೊರಗೆ ಬರಬೇಕೆಂದವರಿಗೂ ಆರ್ಡರ್ ಹಾಕಲು ಆಗಲಿಲ್ಲ.

ಇಂಥ ಸಾಲವನ್ನು ಬ್ರೋಕರ್ ವಸೂಲಿ ಮಾಡಬಹುದು, ಒಪ್ಪಂದ ಪತ್ರದಲ್ಲಿ ಅದಕ್ಕೆ ಸಹಿ ಹಾಕಿಯೇ ಇರುತ್ತೀರಿ. ಜರ್ಮನಿಯಲ್ಲಿ ಮಾತ್ರ 2023ರಿಂದ, ಹಾಕಿದ್ದಕ್ಕಿಂತ ಹೆಚ್ಚು ಕಟ್ಟಬೇಕಾದ ಫ್ಯೂಚರ್ಸ್ ಅನ್ನು ಸಾಮಾನ್ಯ ಗ್ರಾಹಕರಿಗೆ ಮಾರುವುದಕ್ಕೆ ಅಲ್ಲಿನ ನಿಯಂತ್ರಕರು ತಡೆ ಹಾಕಿದ್ದಾರೆ.

ಬ್ರೋಕರೇಜ್ ಇಷ್ಟೇ ಅಂದ್ರು. ಬಿಲ್ ನೋಡಿದ್ರೆ ಏನೇನೋ ಇದೆ!

ಬ್ರೋಕರೇಜ್, ಎಕ್ಸ್‌ಚೇಂಜ್ ಶುಲ್ಕ, ಕ್ಲಿಯರಿಂಗ್ ಶುಲ್ಕ, ನಿಯಂತ್ರಕರ ಶುಲ್ಕ, ಸಾಫ್ಟ್‌ವೇರ್ ಬಾಡಿಗೆ, ಡೇಟಾ ಶುಲ್ಕ. ಕೊಳ್ಳುವಾಗಲೂ ಮಾರುವಾಗಲೂ. ಡೇಟಾದಲ್ಲಿ ಎರಡು ವಿಷಯ ಗೊತ್ತಿರಲಿ. ಮೊದಲ ಸಾಲಿನ ಬಿಡ್ (ಕೊಳ್ಳುವವರು ಹೇಳುವ ಬೆಲೆ) ಮತ್ತು ಆಫರ್ (ಮಾರುವವರು ಹೇಳುವ ಬೆಲೆ) ಮಾತ್ರ ಬೇಕಾದರೆ ಅಗ್ಗ, ಅದರ ಕೆಳಗಿನ ಸಾಲುಗಳೂ ಬೇಕಾದರೆ ಜಾಸ್ತಿ. ವೃತ್ತಿಪರರಿಗೆ ಒಂದು ದರ, ಉಳಿದವರಿಗೆ ಇನ್ನೊಂದು. ನೀವು ಯಾರು ಅಂತ ಫಾರ್ಮ್‌ನಲ್ಲಿ ನಿಜ ಬರೆಯಿರಿ. ಬಿಲ್‌ನಲ್ಲಿ ಕಾಣದ ದೊಡ್ಡ ಖರ್ಚು ಬಿಡ್ ಮತ್ತು ಆಫರ್ ನಡುವಿನ ಅಂತರ. ಮೈಕ್ರೋದಲ್ಲಿ ಒಂದು ಟಿಕ್ (ಬೆಲೆ ಸರಿಯುವ ಅತಿ ಸಣ್ಣ ಹೆಜ್ಜೆ) ಅಂದರೆ 1.25 ಡಾಲರ್. ದಿನಕ್ಕೆ ಹತ್ತು ಸಲ ಒಳಗೆ ಹೊರಗೆ ಓಡಾಡಿದರೆ ಆ ಚಿಲ್ಲರೆಯೇ ಗಂಟಾಗುತ್ತದೆ.

ಬ್ರೋಕರೇ ಮುಳುಗಿದ್ರೆ ನನ್ನ ದುಡ್ಡಿನ ಗತಿ?

ಗ್ರಾಹಕರ ದುಡ್ಡನ್ನು ಬ್ರೋಕರ್ ತನ್ನ ದುಡ್ಡಿನ ಜೊತೆ ಸೇರಿಸಬಾರದು ಅನ್ನುವುದು ನಿಯಮ. ನಿಯಮ ಮುರಿದವರೂ ಇದ್ದಾರೆ. 2011ರ ಅಕ್ಟೋಬರ್ 31ಕ್ಕೆ ಎಂಎಫ್ ಗ್ಲೋಬಲ್ ದಿವಾಳಿ ಎದ್ದಿತು, ಗ್ರಾಹಕರ ಖಾತೆಗಳಲ್ಲಿ ಸುಮಾರು 160 ಕೋಟಿ ಡಾಲರ್ ಕೊರತೆ ಕಂಡುಬಂತು. ಕೊನೆಗೆ ದುಡ್ಡು ವಾಪಸ್ ಬಂತು, ಆದರೆ ವರ್ಷಗಟ್ಟಲೆ ಕಾಯಬೇಕಾಯಿತು. ಮರುವರ್ಷ ಪೆರಿಗ್ರಿನ್ ಫೈನಾನ್ಷಿಯಲ್ ಮುಚ್ಚಿತು. ಅಲ್ಲಿ ಸುಳ್ಳು ಬ್ಯಾಂಕ್ ದಾಖಲೆಗಳನ್ನೇ ತೋರಿಸಿಕೊಂಡು ಬಂದಿದ್ದರು. ಅಮೆರಿಕದಲ್ಲಿ ಷೇರು ಖಾತೆಗೆ ಇರುವಂಥ ವಿಮೆ ಫ್ಯೂಚರ್ಸ್ ಖಾತೆಗೆ ಇಲ್ಲ. ಮಾರ್ಜಿನ್‌ಗೆ ಮತ್ತು ಒಂದಿಷ್ಟು ಏರಿಳಿತಕ್ಕೆ ಬೇಕಾದಷ್ಟನ್ನು ಮಾತ್ರ ಅಲ್ಲಿಡಿ. ಉಳಿದದ್ದು ಬ್ಯಾಂಕಿನಲ್ಲಿರಲಿ.

## ಆರ್ಡರ್ ಹಾಕುವಾಗ

ನನ್ನ ಬೆಲೆ ಮುಟ್ಟಿ ವಾಪಸ್ ಹೋಯ್ತು, ಆರ್ಡರ್ ಮಾತ್ರ ಆಗ್ಲಿಲ್ಲ. ಇದು ಮೋಸ ಅಲ್ವಾ?

ಮೋಸ ಅಲ್ಲ, ಸರದಿ. ಬೆಲೆ ಏಣಿಯನ್ನು (ಯಾವ ಬೆಲೆಗೆ ಎಷ್ಟು ಲಾಟ್ ಕಾಯುತ್ತಿದೆ ಅಂತ ತೋರಿಸುವ ಪಟ್ಟಿ) ತೆರೆದು ನೋಡಿ. 5,000.00 ಎದುರು ಬಿಡ್ ಕಡೆ 240 ಲಾಟ್, ಅದರ ಮೇಲೆ 5,000.25 ಎದುರು ಆಫರ್ ಕಡೆ 180 ಅಂತ ಕಾಣುತ್ತದೆ ಅಂದುಕೊಳ್ಳಿ. ನೀವು ಈಗ 5,000.00ಕ್ಕೆ ಒಂದು ಲಾಟ್ ಕೊಳ್ಳಲು ಲಿಮಿಟ್ ಆರ್ಡರ್ (ಇದಕ್ಕಿಂತ ಕೆಟ್ಟ ಬೆಲೆಗೆ ಬೇಡ ಅನ್ನುವ ಆರ್ಡರ್) ಹಾಕಿದರೆ ಸಂಖ್ಯೆ 241 ಆಗುತ್ತದೆ, ನೀವು ಆ ಸಾಲಿನ ಕೊನೆ. ಯಾರೋ 200 ಲಾಟ್ ಮಾರಿದರು, ಬೆಲೆ ಮೇಲೆ ಹೊರಟಿತು. ಚಾರ್ಟ್‌ನಲ್ಲಿ 5,000.00 ಮುಟ್ಟಿದ್ದು ಕಾಣುತ್ತದೆ. ನಿಮ್ಮ ಮುಂದೆ ಇನ್ನೂ 40 ಲಾಟ್ ಇತ್ತು.

ಇದರಲ್ಲಿ ಇನ್ನೊಂದು ಕಿರಿಕಿರಿ ಇದೆ. ಸಾಲಿನ ಕೊನೆಯಲ್ಲಿ ಇರುವವನಿಗೆ ಖಂಡಿತ ಆರ್ಡರ್ ಆಗುವುದು ಯಾವಾಗ? ಆ ಬೆಲೆಯ ಪೂರ್ತಿ ಸಾಲು ಖಾಲಿಯಾಗಿ ಬೆಲೆ ಇನ್ನೂ ಕೆಳಗೆ ಬೀಳುವಾಗ. ಅಂದರೆ ಬೆಲೆ ನಿಮ್ಮ ಪರ ತಿರುಗುವ ಸಲ ಸಿಗುವುದಿಲ್ಲ, ನಿಮ್ಮ ವಿರುದ್ಧ ಹೋಗುವ ಸಲ ತಪ್ಪದೆ ಸಿಗುತ್ತದೆ. ಬಡ್ಡಿದರದ ಕೆಲವು ಒಪ್ಪಂದಗಳಲ್ಲಿ ಸರದಿಯ ಬದಲು ಆರ್ಡರ್ ಗಾತ್ರದ ಪ್ರಮಾಣದಲ್ಲಿ ಹಂಚುತ್ತಾರೆ. ಅಲ್ಲಿ ಒಂದು ಲಾಟಿನವನಿಗೆ ಇನ್ನೂ ಕಷ್ಟ.

ಸ್ಟಾಪ್‌ಲಾಸ್ ಹಾಕಿದ್ದೆ, ಆದ್ರೂ ಅದಕ್ಕಿಂತ ಜಾಸ್ತಿ ಹೋಯ್ತು. ಯಾಕೆ?

ಬೆಲೆ ವಿರುದ್ಧ ಹೋದರೆ ಹೊರಗೆ ಬರಲು ಹಾಕುವ ಸ್ಟಾಪ್ ಅನ್ನುವುದು ಬೆಲೆಯ ಭರವಸೆ ಅಲ್ಲ. ಆ ಮಟ್ಟ ಮುಟ್ಟಿದ ಮೇಲೆ ಆರ್ಡರ್ ಆಗಿ ಪೇಟೆಗೆ ಇಳಿಯುತ್ತದೆ, ಆಗ ಎದುರಿಗೆ ಯಾರಿದ್ದಾರೋ ಅವರ ಬೆಲೆಯೇ ಗತಿ. 2015ರ ಜನವರಿ 15ಕ್ಕೆ ಸ್ವಿಟ್ಜರ್ಲೆಂಡ್‌ನ ಕೇಂದ್ರ ಬ್ಯಾಂಕ್ ಯೂರೋ ಎದುರು ತನ್ನ ಫ್ರಾಂಕ್‌ಗೆ ಇಟ್ಟಿದ್ದ, ಒಂದು ಯೂರೋಗೆ 1.20 ಫ್ರಾಂಕ್ ಅನ್ನುವ ಮಿತಿಯನ್ನು ಇದ್ದಕ್ಕಿದ್ದಂತೆ ತೆಗೆಯಿತು. ಸ್ಟಾಪ್ ಇಟ್ಟ ಜಾಗದಲ್ಲಿ ಬೆಲೆಯೇ ಇರಲಿಲ್ಲ. ಸ್ಟಾಪ್‌ಲಿಮಿಟ್ ಹಾಕಿದರೆ ಕೆಟ್ಟ ಬೆಲೆಗೆ ಆಗುವುದಿಲ್ಲ ನಿಜ, ಆದರೆ ಆಗದೇ ಉಳಿದು ನಷ್ಟ ಬೆಳೆಯಬಹುದು.

ಎಕ್ಸ್‌ಚೇಂಜ್ ಕಡೆಯಿಂದಲೂ ಕೆಲವು ತಡೆಗಳಿವೆ. 2010ರ ಮೇ 6ರ ಕುಸಿತದಲ್ಲಿ ಇ-ಮಿನಿ ವಹಿವಾಟನ್ನು ಕಂಪ್ಯೂಟರೇ 5 ಸೆಕೆಂಡ್ ನಿಲ್ಲಿಸಿತು. ಅಷ್ಟರಲ್ಲಿ ಕೊಳ್ಳುವವರು ಬಂದರು, ಬೆಲೆ ತಿರುಗಿತು. ಅಮೆರಿಕದ ಸೂಚ್ಯಂಕ ಫ್ಯೂಚರ್ಸ್‌ಗೆ ಹಗಲಿನಲ್ಲಿ ಶೇ 7, 13, 20 ಅಂತ ಇಳಿಕೆಯ ಮಿತಿಗಳೂ ಇವೆ. ಮಿತಿ ಮುಟ್ಟಿದರೆ ನೀವೂ ಒಳಗೇ ಸಿಕ್ಕಿಕೊಳ್ಳುತ್ತೀರಿ.

ರಾತ್ರಿಯೂ ಪೇಟೆ ತೆರೆದಿರುತ್ತೆ. ಕೆಲಸ ಮುಗಿಸಿ ಬಂದು ಮಾಡಬಹುದಲ್ವಾ?

ಮಾಡಬಹುದು. ಗ್ಲೋಬೆಕ್ಸ್‌ನಲ್ಲಿ ಸೂಚ್ಯಂಕ ಫ್ಯೂಚರ್ಸ್ ಷಿಕಾಗೋ ಸಮಯದಂತೆ ಭಾನುವಾರ ಸಂಜೆ 5ರಿಂದ ಶುಕ್ರವಾರ ಸಂಜೆ 4ರವರೆಗೆ ನಡೆಯುತ್ತದೆ, ದಿನಕ್ಕೆ ಒಂದು ಗಂಟೆ ಬಿಡುವು. ಆದರೆ ಅಲ್ಲಿನ ಹಗಲಿನ ಪೇಟೆ ಮುಚ್ಚಿದ ಮೇಲೆ ಏಣಿಯ ಒಂದೊಂದು ಸಾಲಿನಲ್ಲೂ ಲಾಟ್ ಕಮ್ಮಿ. ಒಂದು ಸುದ್ದಿ ಬಂದರೆ ಸಾಕು, ಬೆಲೆ ಹಾರುತ್ತದೆ.

ಎಕ್ಸ್‌ಪೈರಿ ಮರೆತ್ರೆ ಮನೆಗೆ ಎಣ್ಣೆ ಪೀಪಾಯಿ ಬರುತ್ತಾ?

ಇಲ್ಲ. ಸೂಚ್ಯಂಕದ ಒಪ್ಪಂದಗಳು ದುಡ್ಡಿನಲ್ಲೇ ಮುಗಿಯುತ್ತವೆ. ಕಚ್ಚಾತೈಲದ ದೊಡ್ಡ ಒಪ್ಪಂದದಲ್ಲಿ ನಿಜವಾದ ಎಣ್ಣೆ ಓಕ್ಲಹೋಮಾದ ಕುಷಿಂಗ್‌ನಲ್ಲಿ ಕೈ ಬದಲಾಗುತ್ತದೆ. ಅಷ್ಟು ದೂರ ಹೋಗಲು ಸಣ್ಣ ಗ್ರಾಹಕರನ್ನು ಬ್ರೋಕರ್ ಬಿಡುವುದಿಲ್ಲ, ಕೆಲವು ದಿನ ಮೊದಲೇ ಪೊಸಿಷನ್ ಮುಚ್ಚಿಹಾಕುತ್ತಾನೆ, ಸಿಕ್ಕ ಬೆಲೆಗೆ. ಆ ಕಡೆಯ ದಿನಾಂಕ ಎಕ್ಸ್‌ಚೇಂಜ್‌ನದ್ದಲ್ಲ, ಬ್ರೋಕರ್‌ನದ್ದು. ಕೇಳಿ ಬರೆದಿಟ್ಟುಕೊಳ್ಳಿ.

ಮಧ್ಯದಲ್ಲಿ ನೆಟ್ ಹೋದ್ರೆ?

ನಿಮ್ಮ ಸ್ಟಾಪ್ ಎಲ್ಲಿ ಕೂತಿದೆ ಅನ್ನುವುದರ ಮೇಲಿದೆ. ಎಕ್ಸ್‌ಚೇಂಜ್‌ನಲ್ಲಿ ಇದ್ದರೆ ಚಿಂತೆ ಇಲ್ಲ. ಬ್ರೋಕರ್‌ನ ಸರ್ವರ್‌ನಲ್ಲಿ ಇದ್ದರೆ ಪರವಾಗಿಲ್ಲ. ನಿಮ್ಮ ಕಂಪ್ಯೂಟರ್‌ನಲ್ಲೇ ಇದ್ದರೆ ನೆಟ್ ಹೋದ ಕ್ಷಣ ಸ್ಟಾಪ್ ಕೂಡ ಹೋಯಿತು. ಬೆಲೆಯ ಜೊತೆ ತಾನೂ ಸರಿಯುವ ಟ್ರೇಲಿಂಗ್ ಸ್ಟಾಪ್ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಹೀಗೇ ಕೆಲಸ ಮಾಡುತ್ತದೆ. ಬ್ರೋಕರ್‌ನ ಟ್ರೇಡಿಂಗ್ ಡೆಸ್ಕ್ ನಂಬರ್ ಮತ್ತು ಖಾತೆ ನಂಬರ್ ಕಾಗದದ ಮೇಲೆ ಬರೆದು ಪಕ್ಕದಲ್ಲಿಡಿ.

## ಸ್ವಲ್ಪ ಪಳಗಿದವರಿಗೆ

ಫಾಸ್ಟ್ ಫೈಬರ್ ಹಾಕಿಸಿದ್ದೀನಿ. ಹೈ ಫ್ರೀಕ್ವೆನ್ಸಿಯವರ ಜೊತೆ ಓಡಬಹುದಾ?

ಆಗುವುದಿಲ್ಲ, ಪ್ರಯತ್ನವೂ ಬೇಡ. ಅವರು ಕಂಪ್ಯೂಟರ್‌ಗಳಿಂದ ಅತಿ ವೇಗವಾಗಿ ಆರ್ಡರ್ ಹಾಕುವವರು. ಗ್ಲೋಬೆಕ್ಸ್‌ನ ಕಂಪ್ಯೂಟರ್‌ಗಳು ಷಿಕಾಗೋ ಹೊರಗಿನ ಅರೋರಾದಲ್ಲಿವೆ. 2012ರಿಂದ ಅದೇ ಕಟ್ಟಡದಲ್ಲಿ ಜಾಗ ಬಾಡಿಗೆಗೆ ಕೊಡುತ್ತಾರೆ. ಅಲ್ಲಿ ಸರ್ವರ್ ಇಟ್ಟವರ ಲೆಕ್ಕ ಮೈಕ್ರೋಸೆಕೆಂಡ್‌ನಲ್ಲಿ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2,00,000 ಕಿಲೋಮೀಟರ್ ಹೋಗುತ್ತದೆ, ಅಂದರೆ 1,000 ಕಿಲೋಮೀಟರ್ ದೂರಕ್ಕೆ 5 ಮಿಲಿಸೆಕೆಂಡ್. ನೀವು ಎಷ್ಟು ದುಡ್ಡು ಕೊಟ್ಟರೂ ಅದು ಇಳಿಯುವುದಿಲ್ಲ. ಅದಕ್ಕೇ ಷಿಕಾಗೋ ಮತ್ತು ನ್ಯೂಜೆರ್ಸಿ ನಡುವೆ ಮೈಕ್ರೋವೇವ್ ಗೋಪುರಗಳನ್ನು ನಿಲ್ಲಿಸಿದ್ದಾರೆ; ಗಾಳಿಯಲ್ಲಿ ಅಲೆ ಫೈಬರ್‌ಗಿಂತ ಬೇಗ ಹೋಗುತ್ತದೆ. ಒಂದೆರಡು ಟಿಕ್‌ಗೆ ಹೋರಾಡುವ ಆಟ ಅವರದ್ದು. ಗಂಟೆಗಳು, ದಿನಗಳು ಇಟ್ಟುಕೊಳ್ಳುವ ಪೊಸಿಷನ್‌ನಲ್ಲಿ 50 ಮಿಲಿಸೆಕೆಂಡ್ ತಡವಾದರೆ ಏನೂ ಆಗುವುದಿಲ್ಲ.

ಎಪಿಐ (ಬ್ರೋಕರ್ ವ್ಯವಸ್ಥೆಗೆ ನಮ್ಮ ಪ್ರೋಗ್ರಾಂ ಜೋಡಿಸುವ ದಾರಿ) ಮೂಲಕ ಪ್ರೋಗ್ರಾಂ ಓಡಿಸಬೇಕು. ಬ್ಯಾಕ್‌ಟೆಸ್ಟ್‌ನಲ್ಲಿ ಚೆನ್ನಾಗಿ ಬಂದಿದೆ.

ಬ್ಯಾಕ್‌ಟೆಸ್ಟ್ ಅಂದರೆ ಹಳೆಯ ಬೆಲೆಗಳ ಮೇಲೆ ಪ್ರೋಗ್ರಾಂ ಓಡಿಸಿ ನೋಡುವುದು. ಬೆಲೆ ಮುಟ್ಟಿದ ಕೂಡಲೇ ಲಿಮಿಟ್ ಆರ್ಡರ್ ಆಯಿತು ಅಂತ ನಿಮ್ಮ ಬ್ಯಾಕ್‌ಟೆಸ್ಟ್ ಲೆಕ್ಕ ಹಾಕಿದೆಯಾ, ಮೊದಲು ನೋಡಿ. ಹೆಚ್ಚಿನವು ಹಾಕುತ್ತವೆ. ಸರದಿಯ ವಿಷಯ ಅವಕ್ಕೆ ಗೊತ್ತಿಲ್ಲ. ಬೆಲೆ ಒಂದು ಟಿಕ್ ದಾಟಿ ಹೋದರೆ ಮಾತ್ರ ಆಯಿತು ಅಂತ ಬದಲಿಸಿ ಮತ್ತೆ ಓಡಿಸಿ. ಎಷ್ಟೋ 'ಚೆನ್ನಾಗಿ ಬಂದ' ಪ್ರೋಗ್ರಾಂಗಳು ಅಲ್ಲೇ ಮುಗಿಯುತ್ತವೆ. ಉಳಿದರೆ ಒಂದು ಮೈಕ್ರೋ ಲಾಟ್‌ನಲ್ಲಿ ಓಡಿಸಿ, ದಿನದ ನಷ್ಟಕ್ಕೆ ಮಿತಿಯನ್ನು ನಿಮ್ಮ ಕೋಡ್‌ನಲ್ಲಿ ಮಾತ್ರವಲ್ಲ, ಬ್ರೋಕರ್ ಕಡೆಯಲ್ಲೂ ಹಾಕಿಸಿ.

'ಫಂಡೆಡ್ ಅಕೌಂಟ್' (ಅವರ ದುಡ್ಡಿನಲ್ಲಿ ಟ್ರೇಡ್ ಮಾಡೋ ಖಾತೆ) ಕೊಡ್ತೀವಿ, ಪರೀಕ್ಷೆ ಫೀಸ್ ಕಟ್ಟಿ ಅಂತಾರೆ. ನಂಬಬಹುದಾ?

ಒಂದೇ ಪ್ರಶ್ನೆ ಕೇಳಿ: ನನ್ನ ಆರ್ಡರ್ ನಿಜವಾಗಿ ಎಕ್ಸ್‌ಚೇಂಜ್‌ಗೆ ಹೋಗುತ್ತಾ? ಇಂಥ ಎಷ್ಟೋ ಕಡೆ ಪರೀಕ್ಷೆಯೂ ಸಿಮ್ಯುಲೇಟರ್‌ನಲ್ಲಿ (ನಿಜವಾದ ಆರ್ಡರ್ ಹೋಗದ ನಕಲು ಪೇಟೆಯಲ್ಲಿ), ಪಾಸಾದ ಮೇಲಿನ ಖಾತೆಯೂ ಸಿಮ್ಯುಲೇಟರ್‌ನಲ್ಲಿ. ಸೋತವರು ಕಟ್ಟಿದ ಫೀಸಿನಿಂದಲೇ ಗೆದ್ದವರಿಗೆ ಕೊಡುತ್ತಾರೆ. ಕಟ್ಟುವ ಫೀಸ್‌ಗಿಂತ ಜಾಸ್ತಿ ಕಳೆದುಕೊಳ್ಳುವುದಿಲ್ಲ ಅನ್ನುವುದು ಒಂದು ಅನುಕೂಲ ನಿಜ. ಆದರೆ ಪದೇ ಪದೇ ಪರೀಕ್ಷೆ ಕಟ್ಟುವವರ ಫೀಸ್ ಕೂಡಿಸಿ ನೋಡಿದರೆ ಮೈಕ್ರೋ ಖಾತೆಗೇ ಸಾಕಾಗುತ್ತಿತ್ತು ಅನ್ನಿಸುತ್ತದೆ.

ಆರ್ಡರ್ ಹಾಕಿ ತೆಗೆದ್ರೆ ತಪ್ಪಾ?

ಮನಸ್ಸು ಬದಲಾಗಿ ತೆಗೆದರೆ ತಪ್ಪಲ್ಲ. ತೆಗೆಯಬೇಕು ಅಂತಲೇ ಹಾಕಿದರೆ ಅಪರಾಧ. ದೊಡ್ಡ ಆರ್ಡರ್ ತೋರಿಸಿ ಬೇರೆಯವರನ್ನು ಹೆದರಿಸುವುದಕ್ಕೆ ಸ್ಪೂಫಿಂಗ್ ಅನ್ನುತ್ತಾರೆ. ಅಮೆರಿಕದಲ್ಲಿ 2010ರ ಕಾನೂನು ಅದನ್ನು ಹೆಸರಿಟ್ಟು ನಿಷೇಧಿಸಿದೆ. ಸಣ್ಣವರನ್ನು ಯಾರು ನೋಡುತ್ತಾರೆ ಅನ್ನಬೇಡಿ. ಪಶ್ಚಿಮ ಲಂಡನ್‌ನ ಹೌನ್ಸ್ಲೋದಲ್ಲಿ ಅಪ್ಪ ಅಮ್ಮನ ಮನೆಯಲ್ಲಿ ಕೂತು ಇ-ಮಿನಿಯಲ್ಲಿ ಇದನ್ನೇ ಮಾಡಿದ ಒಬ್ಬ 2015ರಲ್ಲಿ ಸಿಕ್ಕಿಬಿದ್ದ, ಮರುವರ್ಷ ತಪ್ಪೊಪ್ಪಿಕೊಂಡ. ಎಕ್ಸ್‌ಚೇಂಜ್‌ನ ದಾಖಲೆಯಲ್ಲಿ ಪ್ರತಿ ಆರ್ಡರ್, ಪ್ರತಿ ರದ್ದತಿ ಸಮಯದ ಸಮೇತ ಇರುತ್ತದೆ.

ಜಾಸ್ತಿ ಟ್ರೇಡ್ ಮಾಡ್ತೀನಿ. ಸದಸ್ಯತ್ವ ತಗೊಂಡ್ರೆ ಲಾಭ ಇದೆಯಾ?

ಪಿಟ್ ಕಾಲದಲ್ಲಿ ಒಳಗೆ ನಿಲ್ಲಲು ಅದು ಬೇಕಿತ್ತು. ಈಗ ಶುಲ್ಕ ಇಳಿಸಿಕೊಳ್ಳಲು ಮಾತ್ರ. ಷಿಕಾಗೋದಲ್ಲಿ ಸೀಟನ್ನು ಕೊಳ್ಳಲೂಬಹುದು, ತಿಂಗಳ ಬಾಡಿಗೆಗೂ ಪಡೆಯಬಹುದು. ಒಂದು ಒಪ್ಪಂದಕ್ಕೆ ಎಕ್ಸ್‌ಚೇಂಜ್ ಶುಲ್ಕದಲ್ಲಿ ಎಷ್ಟು ಉಳಿಯುತ್ತದೆ ನೋಡಿ, ತಿಂಗಳ ಬಾಡಿಗೆಯನ್ನು ಅದರಿಂದ ಭಾಗಿಸಿ. ಅಷ್ಟು ಒಪ್ಪಂದ ನೀವು ಹೇಗೂ ಮಾಡುತ್ತಿದ್ದರೆ ತೆಗೆದುಕೊಳ್ಳಿ. ಬಾಡಿಗೆ ಹುಟ್ಟಿಸಲು ಟ್ರೇಡ್ ಹೆಚ್ಚಿಸಬೇಕು ಅಂತಾದರೆ ಬೇಡ. ಯಾವ ಬಗೆಯ ಸೀಟ್ ಯಾವ ಒಪ್ಪಂದಕ್ಕೆ ರಿಯಾಯಿತಿ ಕೊಡುತ್ತದೆ ಅನ್ನುವುದೂ ಬೇರೆ ಬೇರೆ, ನೀವು ಮಾಡುವ ಒಪ್ಪಂದ ಅದರಲ್ಲಿ ಇದೆಯಾ ಅಂತ ಬಾಡಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಎಕ್ಸ್‌ಚೇಂಜ್‌ನ ಸದಸ್ಯತ್ವ ವಿಭಾಗದಲ್ಲಿ ಕೇಳಿಕೊಳ್ಳಿ.